ಲೆಕ್ಕದ ಸೂತ್ರ ಒಂದೇ ಕಡೆ ಇರಲಿ: ಡೇಟಾಬೇಸಿನಲ್ಲಿ ಇಟ್ಟ ಫಂಕ್ಷನ್ನನ್ನು ಕರೆಯುವ ಬಗೆ



ಕೊಳೆರೋಗ, ಬೋರರ್, ಗೊಬ್ಬರ, ನೆರಳು ಮರ, ಪೇಟೆಯ ಧಾರಣೆ, ಇವುಗಳ ಬಗ್ಗೆ ಓದಲೆಂದು ಈ ಪುಟಗಳನ್ನು ತೆರೆಯುವವರಿಗೆ ಕಂಪ್ಯೂಟರಿನ ಒಳಗಿನ ಲೆಕ್ಕದ ವಿಷಯ ಕಂಡು ಆಶ್ಚರ್ಯವಾಗಬಹುದು. ಎರಡು ಕಾರಣಗಳಿಂದ ಇದನ್ನು ಬರೆಯುತ್ತಿದ್ದೇವೆ. ಒಂದು, ನಾವು ಮಾರುವ ಕಾಫಿ ಮತ್ತು ಅಡಿಕೆಯ ತೂಕವನ್ನು ತಕ್ಕಡಿ ಹೇಳಿದರೂ, ನಮ್ಮ ಕೈಗೆ ಬರುವ ಹಣ ಎಷ್ಟೆಂದು ಈಗ ಹೇಳುವುದು ಕಂಪ್ಯೂಟರು. ಎರಡು, ನಮ್ಮ ಮನೆಗಳ ಮಕ್ಕಳು ಓದು ಮುಗಿಸಿ ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ಕೆಲಸಕ್ಕೆ ಸೇರಿದಾಗ ಮೊದಮೊದಲು ಕಲಿಯಬೇಕಾಗುವ ಪಾಠಗಳಲ್ಲಿ ಇದೂ ಒಂದು. ಅಪ್ಪ ಅಮ್ಮಂದಿರಿಗೆ ವಿಷಯದ ಹೊಳಹು ಸಿಗಲಿ, ಮಕ್ಕಳಿಗೆ ಪಾಠ ಸಿಗಲಿ ಎಂಬುದು ನಮ್ಮ ಆಶಯ.

ಒಂದೇ ಕಣದ ಕಾಫಿ, ಎರಡು ಲೆಕ್ಕ

ನಮ್ಮ ಸುತ್ತಿನ ಒಂದು ಸಂಘದಲ್ಲಿ ನಡೆದ ಸಂಗತಿಯಿಂದಲೇ ಆರಂಭಿಸೋಣ. ಸಂಘದ ಹೆಸರು ಇಲ್ಲಿ ಬೇಡ. ಅಣ್ಣ ತಮ್ಮ ಇಬ್ಬರು ಒಂದೇ ಕಣದಲ್ಲಿ ಒಣಗಿಸಿದ ರೊಬಸ್ಟಾ ಚೆರ್ರಿಯನ್ನು ಸಮನಾಗಿ ಪಾಲು ಮಾಡಿಕೊಂಡರು. ಅಣ್ಣ ತನ್ನ 1,000 ಕಿಲೋವನ್ನು ಒಂದು ಖರೀದಿ ಕೇಂದ್ರಕ್ಕೆ ಹಾಕಿದರು. ತಮ್ಮ ತನಗೆ ಹತ್ತಿರವಾದ ಇನ್ನೊಂದು ಕೇಂದ್ರಕ್ಕೆ ಹಾಕಿದರು. ಎರಡೂ ಕಡೆ ತೇವಾಂಶ 13 ಎಂದೇ ಬಂತು. ಸಂಘ ಒಪ್ಪುವ ಮಿತಿ 11. ಔಟ್‌ಟರ್ನ್, ಅಂದರೆ 50 ಕಿಲೋ ಚೆರ್ರಿಯಿಂದ ಸಿಗುವ ಶುದ್ಧ ಬೀಜ, ಎರಡೂ ಕಡೆ ಒಂದೇ. ಆದರೆ ಬಿಲ್ಲಿನಲ್ಲಿ ಬಂದ ಹಣ ಬೇರೆ ಬೇರೆ!

ಲೆಕ್ಕ ಬಿಡಿಸಿದಾಗ ಕಂಡದ್ದು ಇಷ್ಟು. ಒಂದು ಕೇಂದ್ರದಲ್ಲಿ ತೇವಾಂಶ ಮಿತಿಗಿಂತ ಎರಡು ಹೆಚ್ಚಾಗಿದ್ದುದರಿಂದ ನೂರಕ್ಕೆ ಎರಡರಂತೆ 20 ಕಿಲೋ ಕಳೆದಿದ್ದರು. ನಿವ್ವಳ ತೂಕ 980. ಇನ್ನೊಂದು ಕೇಂದ್ರದಲ್ಲಿ ನೀರನ್ನು ಬಿಟ್ಟು ಉಳಿದ ಒಣ ಪದಾರ್ಥದ ಲೆಕ್ಕ ಹಿಡಿದಿದ್ದರು. ಅಂದರೆ 1,000 ವನ್ನು 87ರಿಂದ ಗುಣಿಸಿ 89ರಿಂದ ಭಾಗಿಸಿದ್ದರು. ನಿವ್ವಳ ತೂಕ 977.53. ವ್ಯತ್ಯಾಸ ಎರಡೂವರೆ ಕಿಲೋಗೆ ಸ್ವಲ್ಪ ಕಡಿಮೆ. ಓಟಿ 26, ಓಟಿ ಕಿಲೋವಿನ ದರ 400 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ, ಒಂದಕ್ಕೆ 2,03,840 ರೂಪಾಯಿ, ಇನ್ನೊಂದಕ್ಕೆ 2,03,326 ರೂಪಾಯಿ ಬರುತ್ತದೆ. ಸುಮಾರು 514 ರೂಪಾಯಿ ವ್ಯತ್ಯಾಸ.

ಇಬ್ಬರು ಗುಮಾಸ್ತರಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆಯವರು, ತಮಗೆ ಸರಿ ಕಂಡ ಸೂತ್ರವನ್ನು ತಮ್ಮ ತಮ್ಮ ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟಿದ್ದರು. ಹಾಳೆ ಕೈಯಿಂದ ಕೈಗೆ ಹೋಯಿತು. ಸೂತ್ರವೂ ಅದರ ಜೊತೆಗೆ ಹೋಯಿತು. ಆದರೆ ಮನೆಯಲ್ಲಿ ಅಣ್ಣ ತಮ್ಮಂದಿರ ನಡುವೆ ಮಾತು ಬೆಳೆಯಿತು. 514 ರೂಪಾಯಿ ದೊಡ್ಡ ಹಣವಲ್ಲ. ಆದರೆ ಸಂಘದ ಲೆಕ್ಕದ ಮೇಲಿನ ನಂಬಿಕೆ ಒಮ್ಮೆ ಹೋದರೆ ಅದನ್ನು ತೂಕ ಹಾಕಿ ತರಲು ಬರುವುದಿಲ್ಲ.

ಈ ಲೆಕ್ಕವನ್ನು ಸರಿಪಡಿಸುವ ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಕಚೇರಿಗೆ ಹೋಯಿತು. ಸಂಘದವರ ಜೊತೆ ನಾವೂ ಹೋಗಿದ್ದೆವು. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಈ ಬಡಾವಣೆಗೆ ಅಡಿಪಾಯ ಹಾಕಿದಾಗ ಸುತ್ತ ಹೊಲಗಳೇ ಇದ್ದವು. ಇಂದು ಗಾಜಿನ ಕಟ್ಟಡಗಳ ಸಾಲು. ಅಲ್ಲಿ ನಮಗೆ ವಿಷಯ ಬಿಡಿಸಿ ಹೇಳಿದ್ದು ನಮ್ಮ ಕಡೆಯ ಅಡಿಕೆ ತೋಟದ ಮನೆಯ ಹುಡುಗಿ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಈ ಲೇಖನದ ಬಹುಪಾಲು ಆಕೆಯಿಂದ ಕಲಿತದ್ದು.

ಡೇಟಾಬೇಸ್ ಎಂದರೇನು?

ಸಂಘದ ಕಚೇರಿಯಲ್ಲಿ ಹಿಂದೆ ಇದ್ದ ದಪ್ಪ ರಿಜಿಸ್ಟರುಗಳನ್ನು ನೆನಪು ಮಾಡಿಕೊಳ್ಳಿ. ಒಂದು ಸದಸ್ಯರ ರಿಜಿಸ್ಟರು, ಒಂದು ಆವಕದ ರಿಜಿಸ್ಟರು, ಒಂದು ಪಾವತಿಯ ರಿಜಿಸ್ಟರು. ಆವಕದ ರಿಜಿಸ್ಟರಿನಲ್ಲಿ ಸದಸ್ಯನ ಊರು, ತಂದೆಯ ಹೆಸರು ಎಲ್ಲವನ್ನೂ ಪ್ರತಿ ಸಲ ಬರೆಯುತ್ತಿರಲಿಲ್ಲ; ಸದಸ್ಯ ಸಂಖ್ಯೆಯನ್ನಷ್ಟೇ ಬರೆಯುತ್ತಿದ್ದರು. ಬೇಕಾದಾಗ ಆ ಸಂಖ್ಯೆ ಹಿಡಿದು ಸದಸ್ಯರ ರಿಜಿಸ್ಟರು ನೋಡಿದರಾಯಿತು. ಹೀಗೆ ಸಾಲು, ಕಾಲಂಗಳ ಕೋಷ್ಟಕಗಳನ್ನು ಮಾಡಿ, ಒಂದಕ್ಕೊಂದನ್ನು ಇಂತಹ ಸಂಖ್ಯೆಗಳಿಂದ ಜೋಡಿಸಿ ಕಂಪ್ಯೂಟರಿನಲ್ಲಿ ಇಟ್ಟರೆ ಅದೇ ರಿಲೇಷನಲ್ ಡೇಟಾಬೇಸ್. ಐಬಿಎಂ ಕಂಪನಿಯ ಸಂಶೋಧಕ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಪದ್ಧತಿ ಆರಂಭವಾಯಿತು. ಇಂತಹ ಕೋಷ್ಟಕಗಳನ್ನು ಪ್ರಶ್ನೆ ಕೇಳುವ ಭಾಷೆಗೆ ಎಸ್‌ಕ್ಯುಎಲ್ ಎಂದು ಹೆಸರು. 1986ರಲ್ಲಿ ಅದಕ್ಕೆ ಅಮೆರಿಕದ ಮಾನಕ ಸಂಸ್ಥೆಯ ಒಪ್ಪಿಗೆ ದೊರೆಯಿತು.

ಕಂಪ್ಯೂಟರಿನಲ್ಲಿ ಇಟ್ಟ ದಾಖಲೆ ಎಂಬುದು ನಮಗೇನೂ ಹೊಸದಲ್ಲ. ತಾಲ್ಲೂಕು ಕಚೇರಿಯಲ್ಲಿ ನಾವು ಪಡೆಯುವ ಪಹಣಿಯೇ ಇದಕ್ಕೆ ಸಾಕ್ಷಿ. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಲಾಯಿತು. ಸಹಕಾರ ಸಂಘಗಳೂ ಈ ದಾರಿಯಲ್ಲೇ ಇವೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಚಿವ ಸಂಪುಟ 2022ರ ಜೂನ್ ತಿಂಗಳಲ್ಲಿ ಒಪ್ಪಿಗೆ ನೀಡಿತು. ಆದ್ದರಿಂದ ಲೆಕ್ಕ ಎಲ್ಲಿ ಕೂತಿದೆ, ಅದನ್ನು ಯಾರು ಹೇಗೆ ಕೇಳುತ್ತಾರೆ ಎಂಬುದು ನಮ್ಮ ಮನೆಯ ವಿಷಯವೇ ಆಗಿದೆ.

ಫಂಕ್ಷನ್ ಎಂದರೇನು?

ಅಡಿಕೆ ತೋಟದವರಿಗೆ ಬೋರ್ಡೋ ದ್ರಾವಣದ ಹದ ಗೊತ್ತು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ಹದವನ್ನು ಗೋಡೆಯ ಮೇಲೆ ಬರೆದಿಟ್ಟರೆ, ಈ ಸಲ ಇನ್ನೂರು ಲೀಟರು ಬೇಕೆಂದವನಿಗೂ ಐವತ್ತು ಲೀಟರು ಸಾಕೆಂದವನಿಗೂ ಅದೇ ಹದ. ಪ್ರಮಾಣ ಮಾತ್ರ ಬೇರೆ. ಫಂಕ್ಷನ್ ಎಂದರೆ ಹೀಗೆ ಒಂದು ಹೆಸರು ಕೊಟ್ಟು ಬರೆದಿಟ್ಟ ಹದ. ನಾವು ಪ್ರಮಾಣಗಳನ್ನು ಕೊಡುತ್ತೇವೆ; ಅದು ಒಂದು ಉತ್ತರವನ್ನು ಮರಳಿ ಕೊಡುತ್ತದೆ. ನಾವು ಕೊಡುವ ಪ್ರಮಾಣಗಳಿಗೆ ಆರ್ಗ್ಯುಮೆಂಟ್ ಎನ್ನುತ್ತಾರೆ.

ಈ ಹದವನ್ನು ಪ್ರತಿಯೊಬ್ಬನ ಕಿಸೆಯಲ್ಲಿ ಬರೆದಿಡದೆ, ದಾಖಲೆಗಳಿರುವ ಡೇಟಾಬೇಸಿನ ಒಳಗೇ ಒಮ್ಮೆ ಬರೆದಿಟ್ಟರೆ ಅದಕ್ಕೆ ಸ್ಟೋರ್ಡ್ ಫಂಕ್ಷನ್, ಅಂದರೆ ಕೂಡಿಟ್ಟ ಫಂಕ್ಷನ್ ಎಂದು ಹೆಸರು. ಎರಡು ಖರೀದಿ ಕೇಂದ್ರಗಳು, ಮುಖ್ಯ ಕಚೇರಿ, ಸದಸ್ಯನ ಮೊಬೈಲು, ಯಾರು ಕೇಳಿದರೂ ಲೆಕ್ಕ ಹಾಕುವುದು ಅದೊಂದೇ. ಸೈಬೇಸ್ ಕಂಪನಿ 1980ರ ದಶಕದ ಕೊನೆಯಲ್ಲೇ ಇಂತಹ ಏರ್ಪಾಡನ್ನು ತಂದಿತು. ಒರಾಕಲ್ 1992ರ ತನ್ನ ಏಳನೆಯ ಆವೃತ್ತಿಯಲ್ಲಿ ಕೊಟ್ಟಿತು. ಮೈಎಸ್‌ಕ್ಯುಎಲ್‌ಗೆ 2005ರಲ್ಲಿ ಐದನೆಯ ಆವೃತ್ತಿಯೊಂದಿಗೆ ಬಂತು.

ಅಣ್ಣ ತಮ್ಮಂದಿರ ವಿಷಯಕ್ಕೆ ಬೇಕಾದ ಫಂಕ್ಷನ್ನಿನ ಹೂರಣ ಹೀಗಿದೆ:

ಹೆಸರು: ನಿವ್ವಳ_ತೂಕ
ಕೊಡಬೇಕಾದವು, ಇದೇ ಕ್ರಮದಲ್ಲಿ: ತೂಕ, ತೇವಾಂಶ, ಮಿತಿ
ತೇವಾಂಶವು ಮಿತಿಯಷ್ಟೇ ಇದ್ದರೆ ಅಥವಾ ಕಡಿಮೆ ಇದ್ದರೆ: ಉತ್ತರ ತೂಕವೇ
ಇಲ್ಲವಾದರೆ: ತೂಕ × (100 − ತೇವಾಂಶ) ÷ (100 − ಮಿತಿ), ಎರಡು ದಶಮಾಂಶಕ್ಕೆ ಸರಿಪಡಿಸಿ

ಸಂಘದ ಆಡಳಿತ ಮಂಡಳಿಯು ಚರ್ಚಿಸಿ ಒಣ ಪದಾರ್ಥದ ಸೂತ್ರವನ್ನು ಆರಿಸಿಕೊಂಡಿತು. ನೂರಕ್ಕೆ ಎರಡು ಕಳೆಯುವ ಸೂತ್ರವನ್ನೂ ಆರಿಸಬಹುದಿತ್ತು. ಸೂತ್ರ ಯಾವುದೆಂದು ತೀರ್ಮಾನಿಸುವುದು ಸದಸ್ಯರ ಮತ್ತು ಮಂಡಳಿಯ ಕೆಲಸ. ಅದು ಎರಡಾಗದಂತೆ ಕಾಯುವುದು ಫಂಕ್ಷನ್ನಿನ ಕೆಲಸ.

ಕರೆಯುವ ಕ್ರಮ

ಫಂಕ್ಷನ್ನನ್ನು ಬರೆಯುವುದು ಅನುಭವಿಗಳ ಕೆಲಸವಾದರೆ, ಅದನ್ನು ಕರೆಯುವುದು ಹೊಸಬರ ಮೊದಲ ಕೆಲಸ. ಕರೆಯುವುದೆಂದರೆ ಹೆಸರು ಹೇಳಿ, ಕಂಸದೊಳಗೆ ಬೇಕಾದವುಗಳನ್ನು ಕೊಟ್ಟು, ಉತ್ತರ ಪಡೆಯುವುದು. ಸೆಲೆಕ್ಟ್ ಮುಂತಾದ ಆಜ್ಞಾಪದಗಳನ್ನು ಯಂತ್ರಕ್ಕೆ ಟೈಪು ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಓದುವ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ.

ಸೆಲೆಕ್ಟ್ ನಿವ್ವಳ_ತೂಕ(1000, 13, 11);

ಉತ್ತರ: 977.53. ಇಷ್ಟೇ. ಗಮನಿಸಿ, ಕಂಸದೊಳಗಿನ ಸಾವಿರಕ್ಕೆ ಅಲ್ಪವಿರಾಮ ಹಾಕಿಲ್ಲ. ಅಲ್ಲಿ ಅಲ್ಪವಿರಾಮ ಒಂದು ಆರ್ಗ್ಯುಮೆಂಟಿನಿಂದ ಇನ್ನೊಂದನ್ನು ಬೇರ್ಪಡಿಸುವ ಗುರುತು. 1,000 ಎಂದು ಬರೆದರೆ ಯಂತ್ರ ಅದನ್ನು ಒಂದು, ಸೊನ್ನೆ ಎಂಬ ಎರಡು ಅಂಕೆಗಳೆಂದು ತಿಳಿಯುತ್ತದೆ.

ಒಂದೊಂದೇ ಅಂಕೆ ಕೊಡುವ ಬದಲು ಇಡೀ ಕೋಷ್ಟಕದ ಮೇಲೆ ಕರೆಯುವುದೂ ಸಾಧ್ಯ:

ಸೆಲೆಕ್ಟ್ ರಶೀದಿ, ನಿವ್ವಳ_ತೂಕ(ತೂಕ, ತೇವಾಂಶ, 11) ಫ್ರಂ ಆವಕ ವೇರ್ ಸದಸ್ಯ = 214;

ಅಂದರೆ, ಆವಕದ ಕೋಷ್ಟಕದಲ್ಲಿ 214ನೆಯ ಸದಸ್ಯನ ಪ್ರತಿ ರಶೀದಿಯ ಸಾಲಿಗೂ ಫಂಕ್ಷನ್ನನ್ನು ಕರೆದು ಉತ್ತರ ಕೊಡು ಎಂದರ್ಥ. ಮೂರು ಸಾಲಿದ್ದರೆ ಮೂರು ಉತ್ತರ.

ಡೇಟಾಬೇಸುಗಳಲ್ಲಿ ಸಣ್ಣಪುಟ್ಟ ಪದ್ಧತಿ ಭೇದಗಳಿವೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್‌ಗಳಲ್ಲಿ ಮೇಲಿನಂತೆ ಬರೆದರೆ ಸಾಕು. ಒರಾಕಲ್‌ನ ಹಳೆಯ ಆವೃತ್ತಿಗಳಲ್ಲಿ ಕೋಷ್ಟಕ ಬೇಡವಾದಾಗಲೂ ಕೊನೆಗೆ ‘ಫ್ರಂ ಡ್ಯುಯಲ್’ ಎಂದು ಸೇರಿಸಬೇಕು. ಡ್ಯುಯಲ್ ಎಂಬುದು ಇದಕ್ಕೆಂದೇ ಇಟ್ಟ ಒಂದು ಸಾಲಿನ ಕೋಷ್ಟಕ. ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರಿನಲ್ಲಿ ಫಂಕ್ಷನ್ನಿನ ಹೆಸರಿನ ಹಿಂದೆ ಅದರ ಮನೆತನದ ಹೆಸರು, ಸಾಮಾನ್ಯವಾಗಿ ‘ಡಿಬಿಒ’ ಎಂಬುದು, ಇರಲೇಬೇಕು. ಹೊಸಬರು ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಹಾಗೆಯೇ ಬರೆದು, ನಡೆಯಲಿಲ್ಲವೆಂದು ಕಂಗೆಡುವುದುಂಟು. ತಪ್ಪು ಅವರದಲ್ಲ, ಪದ್ಧತಿ ಬೇರೆ.

ಪ್ರೊಸೀಜರ್ ಎಂಬ ಇನ್ನೊಂದಿದೆ. ಫಂಕ್ಷನ್ ಉತ್ತರ ಹೇಳುತ್ತದೆ. ಪ್ರೊಸೀಜರ್ ಕೆಲಸ ಮಾಡುತ್ತದೆ. ‘ಈ ರಶೀದಿಗೆ ನಿವ್ವಳ ಎಷ್ಟು?’ ಎಂಬುದಕ್ಕೆ ಫಂಕ್ಷನ್. ‘ಈ ವಾರದ ಬಿಲ್ಲುಗಳನ್ನೆಲ್ಲ ತಯಾರಿಸು’ ಎಂಬುದಕ್ಕೆ ಪ್ರೊಸೀಜರ್. ಫಂಕ್ಷನ್ನನ್ನು ಸೆಲೆಕ್ಟ್ ವಾಕ್ಯದೊಳಗೆ ಕರೆಯುತ್ತೇವೆ. ಪ್ರೊಸೀಜರನ್ನು ಬಹುಮಟ್ಟಿಗೆ ‘ಕಾಲ್’ ಎಂಬ ಪದದಿಂದ ಕರೆಯುತ್ತೇವೆ. ಪೋಸ್ಟ್‌ಗ್ರೆಸ್‌ನಲ್ಲಿ ‘ಕಾಲ್’ ಬಂದದ್ದು 2018ರಲ್ಲಿ, 11ನೆಯ ಆವೃತ್ತಿಯಿಂದ.

ಹೊಸಬರು ಎಡವುವ ಜಾಗಗಳು

1. ಕ್ರಮ ತಪ್ಪುವುದು. ಬೋರ್ಡೋ ಮಾಡುವಾಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕೇ ಹೊರತು ಸುಣ್ಣದ ನೀರನ್ನು ಮೈಲುತುತ್ತಕ್ಕೆ ಹಾಕಬಾರದು ಎಂದು ಹಿರಿಯರು ಹೇಳುವುದಿಲ್ಲವೇ? ವಸ್ತು ಅವೇ ಆದರೂ ಕ್ರಮ ತಪ್ಪಿದರೆ ದ್ರಾವಣ ಒಡೆಯುತ್ತದೆ. ಇಲ್ಲಿಯೂ ಹಾಗೆಯೇ. ತೇವಾಂಶ ಮತ್ತು ಮಿತಿಯನ್ನು ಅದಲು ಬದಲು ಮಾಡಿ ನಿವ್ವಳ_ತೂಕ(1000, 11, 13) ಎಂದು ಕರೆದರೆ, ತೇವಾಂಶ ಮಿತಿಯೊಳಗೇ ಇದೆ ಎಂದು ತಿಳಿದು ಫಂಕ್ಷನ್ 1,000 ಎಂದೇ ಉತ್ತರ ಕೊಡುತ್ತದೆ. ತಪ್ಪೆಂಬ ಸೂಚನೆ ಏನೂ ಬರುವುದಿಲ್ಲ. 22.47 ಕಿಲೋ ನೀರಿಗೆ, ನಮ್ಮ ಉದಾಹರಣೆಯ ದರದಲ್ಲಿ 4,674 ರೂಪಾಯಿಯಷ್ಟು, ಸಂಘ ಹಣ ಕೊಟ್ಟಂತಾಯಿತು. ಸಂಘದ ನಷ್ಟವೆಂದರೆ ಎಲ್ಲ ಸದಸ್ಯರ ನಷ್ಟ. ಪೋಸ್ಟ್‌ಗ್ರೆಸ್, ಒರಾಕಲ್ ಮುಂತಾದವುಗಳಲ್ಲಿ ಹೆಸರು ಹಿಡಿದು ಕೊಡುವ ಅನುಕೂಲವಿದೆ: ನಿವ್ವಳ_ತೂಕ(ತೂಕ => 1000, ತೇವಾಂಶ => 13, ಮಿತಿ => 11). ಬರೆಯಲು ಸ್ವಲ್ಪ ಉದ್ದವಾದರೂ ಅದಲು ಬದಲಾಗುವ ಭಯವಿಲ್ಲ. ಹೊಸಬರು ಇದನ್ನೇ ರೂಢಿ ಮಾಡಿಕೊಳ್ಳುವುದು ಲೇಸು.

2. ಜಾತಿ ತಪ್ಪುವುದು. ಅಂಕೆ ಬೇಕಾದ ಕಡೆ ಅಕ್ಷರ ಕೊಡಬಾರದು. ಪೋಸ್ಟ್‌ಗ್ರೆಸ್‌ನಲ್ಲಿ ಫಂಕ್ಷನ್ನಿನ ಗುರುತು ಅದರ ಹೆಸರಷ್ಟೇ ಅಲ್ಲ. ಅದು ತೆಗೆದುಕೊಳ್ಳುವ ಆರ್ಗ್ಯುಮೆಂಟುಗಳ ಸಂಖ್ಯೆ ಮತ್ತು ಜಾತಿಯೂ ಸೇರಿ ಗುರುತು. ಆದ್ದರಿಂದ ಮೂರು ಕೊಡಬೇಕಾದಲ್ಲಿ ಎರಡು ಕೊಟ್ಟರೆ ‘ಆರ್ಗ್ಯುಮೆಂಟು ಸಾಲದು’ ಎನ್ನುವ ಬದಲು ‘ಅಂತಹ ಫಂಕ್ಷನ್ನೇ ಇಲ್ಲ’ ಎಂದು ಅದು ಹೇಳುತ್ತದೆ. ಫಂಕ್ಷನ್ ಕಣ್ಣೆದುರಿಗೇ ಇರುವಾಗ ಇಲ್ಲವೆಂದರೆ ಹೊಸಬರಿಗೆ ದಿಕ್ಕು ತೋಚದು. ಆಗ ಹೆಸರನ್ನು ಹುಡುಕುತ್ತ ಕೂರದೆ, ಕೊಟ್ಟದ್ದೆಷ್ಟು, ಯಾವ ಜಾತಿಯದು ಎಂದು ಮೊದಲು ನೋಡಬೇಕು.

3. ಭಾಗಾಕಾರದಲ್ಲಿ ಚೂರು ಹೋಗುವುದು. 980 ಕಿಲೋವನ್ನು 50ರಿಂದ ಭಾಗಿಸಿದರೆ 19.6 ಮೂಟೆ. ಆದರೆ ಪೋಸ್ಟ್‌ಗ್ರೆಸ್, ಎಸ್‌ಕ್ಯುಎಲ್ ಸರ್ವರುಗಳಲ್ಲಿ ಎರಡೂ ಪೂರ್ಣಾಂಕಗಳಾಗಿದ್ದರೆ ಉತ್ತರವೂ ಪೂರ್ಣಾಂಕವೇ: 19. ಉಳಿದ ಚೂರು ಮಾಯ. ಆ ಚೂರು 30 ಕಿಲೋ ಕಾಫಿ. ನಮ್ಮ ಉದಾಹರಣೆಯಲ್ಲಿ 6,240 ರೂಪಾಯಿ. ಫಂಕ್ಷನ್ನಿನ ಒಳಗೆ ತೂಕವನ್ನು ದಶಮಾಂಶದ ಜಾತಿಯೆಂದು ಘೋಷಿಸಿದ್ದರೆ, ಹೊರಗಿನಿಂದ ಪೂರ್ಣಾಂಕ ಕೊಟ್ಟರೂ ಅದು ದಶಮಾಂಶವಾಗಿಯೇ ಒಳಗೆ ಹೋಗುತ್ತದೆ. ಇಂತಹ ಲೆಕ್ಕವನ್ನು ಅವರವರೇ ಮಾಡಿಕೊಳ್ಳದೆ ಫಂಕ್ಷನ್ನಿಗೆ ಬಿಡಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

4. ಖಾಲಿ ಬಿಡುವುದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಬರೆಯದೆ ಬಿಟ್ಟ ತೇವಾಂಶ

ಅದೇ ಸಂಘದಲ್ಲಿ ನಂತರದ ಸಂಗತಿ. ಒಂದೂವರೆ ಎಕರೆಯ ಬೆಳೆಗಾರ್ತಿಯೊಬ್ಬರು ಮೂರು ಸಲ ಕಾಫಿ ಹಾಕಿದ್ದರು: 1,000 ಕಿಲೋ, 400 ಕಿಲೋ, 250 ಕಿಲೋ. ಮೊದಲನೆಯದಕ್ಕೆ ತೇವಾಂಶ 13, ಎರಡನೆಯದಕ್ಕೆ 11. ಮೂರನೆಯ ದಿನ ತೇವಾಂಶ ನೋಡುವ ಯಂತ್ರ ಕೆಟ್ಟಿತ್ತು. ನಾಳೆ ಬರೆಯೋಣವೆಂದು ಗುಮಾಸ್ತರು ಆ ಕಾಲಂ ಖಾಲಿ ಬಿಟ್ಟರು. ನಾಳೆ ಮರೆತೇ ಹೋಯಿತು.

ಡೇಟಾಬೇಸಿನಲ್ಲಿ ಖಾಲಿ ಎಂದರೆ ಸೊನ್ನೆಯಲ್ಲ. ಸೊನ್ನೆ ಎಂದರೆ ‘ಏನೂ ಇಲ್ಲ’ ಎಂದು ಗೊತ್ತಿದೆ ಎಂದರ್ಥ. ಖಾಲಿ ಎಂದರೆ ‘ಗೊತ್ತಿಲ್ಲ’ ಎಂದರ್ಥ. ಇದಕ್ಕೆ ‘ನಲ್’ ಎನ್ನುತ್ತಾರೆ. ಗೊತ್ತಿಲ್ಲದ್ದರಿಂದ ಕೂಡಿದರೂ ಕಳೆದರೂ ಗುಣಿಸಿದರೂ ಬರುವ ಉತ್ತರ ಗೊತ್ತಿಲ್ಲ ಎಂದೇ. ಹಾಗಾಗಿ ಮೂರು ಸಾಲಿಗೆ ಫಂಕ್ಷನ್ ಕೊಟ್ಟ ಉತ್ತರಗಳು: 977.53, 400.00, ಮತ್ತು ಖಾಲಿ. ಇಲ್ಲಿಯವರೆಗೆ ಸರಿಯೇ. ತೊಂದರೆ ಬಂದದ್ದು ಮೊತ್ತ ಹಾಕಿದಾಗ. ಎಸ್‌ಕ್ಯುಎಲ್‌ನ ‘ಸಮ್’ ಎಂಬ ಕೂಡುವ ಆಜ್ಞೆ ಖಾಲಿಗಳನ್ನು ಬಿಟ್ಟು ಉಳಿದವನ್ನು ಕೂಡುತ್ತದೆ. ಮೊತ್ತ 1,377.53 ಎಂದು ಅಚ್ಚುಕಟ್ಟಾಗಿ ಬಿಲ್ಲಿನಲ್ಲಿ ಅಚ್ಚಾಯಿತು. 250 ಕಿಲೋ ಕಾಫಿ, ಐದು ಮೂಟೆ, ನಮ್ಮ ಉದಾಹರಣೆಯ ದರದಲ್ಲಿ 52,000 ರೂಪಾಯಿಯ ಮಾಲು, ಲೆಕ್ಕದಿಂದ ಸದ್ದಿಲ್ಲದೆ ಬಿದ್ದುಹೋಯಿತು.

ಆ ತಾಯಿ ಮೂರು ರಶೀದಿಗಳನ್ನೂ ಡಬ್ಬಿಯಲ್ಲಿ ಜೋಪಾನ ಮಾಡಿಟ್ಟಿದ್ದರು. ‘ನಾನು ಮೂರು ಸಲ ಹಾಕಿದ್ದೇನೆ, ಬಿಲ್ಲಿನಲ್ಲಿ ಎರಡೇ ತೂಕ ಕಾಣುತ್ತದಲ್ಲ?’ ಎಂದು ಕೇಳಿದರು. ಗುಮಾಸ್ತರು ಹುಡುಕಿದರು, ಸಿಕ್ಕಿತು, ಹಣ ಪಾವತಿಯಾಯಿತು. ರಶೀದಿ ಕಳೆದುಕೊಂಡಿದ್ದರೆ ಏನಾಗುತ್ತಿತ್ತೆಂದು ಯೋಚಿಸಬೇಕು.

‘ಕಂಪ್ಯೂಟರು ತಪ್ಪು ಮಾಡಿತಲ್ಲಮ್ಮಾ’ ಎಂದು ಎಲೆಕ್ಟ್ರಾನಿಕ್ ಸಿಟಿಯ ಆ ಹುಡುಗಿಯೊಡನೆ ನಾವು ಅಂದೆವು. ಆಕೆ ತಲೆಯಾಡಿಸಿದಳು. ‘ಅದು ತಪ್ಪು ಮಾಡಿಲ್ಲ ಮಾವ. ಗೊತ್ತಿಲ್ಲ ಅಂತ ಅದು ಹೇಳಿತ್ತು. ಆ ಮಾತನ್ನು ನಾವು ಕೇಳಿಸಿಕೊಳ್ಳಲಿಲ್ಲ.’

ಇದಕ್ಕೆ ಆಕೆ ಹೇಳಿದ ಪರಿಹಾರಗಳು ಮೂರು. ಮೊದಲನೆಯದು, ಬಿಲ್ಲು ಮಾಡುವ ಮೊದಲು ಎಣಿಸಿ ನೋಡುವುದು. ‘ಕೌಂಟ್’ ಎಂಬ ಆಜ್ಞೆಗೆ ನಕ್ಷತ್ರ ಚಿಹ್ನೆ ಕೊಟ್ಟರೆ ಎಲ್ಲ ಸಾಲುಗಳನ್ನೂ ಎಣಿಸುತ್ತದೆ; ಫಂಕ್ಷನ್ನಿನ ಉತ್ತರವನ್ನು ಕೊಟ್ಟರೆ ಖಾಲಿಯಲ್ಲದವನ್ನು ಮಾತ್ರ ಎಣಿಸುತ್ತದೆ. ಒಂದು ಮೂರು, ಇನ್ನೊಂದು ಎರಡು ಎಂದರೆ ಎಲ್ಲೋ ಒಂದು ಬಿದ್ದಿದೆ ಎಂದೇ ಅರ್ಥ. ಎರಡನೆಯದು, ತೇವಾಂಶ ಖಾಲಿಯಿದ್ದರೆ ಫಂಕ್ಷನ್ನೇ ಮುಂದುವರಿಯದೆ ‘ತೇವಾಂಶ ಬರೆದಿಲ್ಲ’ ಎಂದು ನಿಲ್ಲುವಂತೆ ಬರೆಯುವುದು. ಮೂರನೆಯದು, ಒಂದು ಎಚ್ಚರಿಕೆ: ಖಾಲಿಯ ಜಾಗದಲ್ಲಿ ಸೊನ್ನೆ ತುಂಬಿ ಕೆಲಸ ಸಾಗಿಸಬಾರದು. ತೇವಾಂಶ ಸೊನ್ನೆ ಎಂದರೆ ಕಾಫಿಯಲ್ಲಿ ನೀರಿನ ಪಸೆಯೇ ಇಲ್ಲ ಎಂದು ಸುಳ್ಳು ಬರೆದಂತೆ. ಆಗ ಬಿಲ್ಲು ಬರುತ್ತದೆ, ಆದರೆ ಸರಿಯಾದ ಬಿಲ್ಲು ಬರುವುದಿಲ್ಲ.

ಕತ್ತಿ ಅದ್ದಿ ನೋಡಿ

ಬೋರ್ಡೋ ಸರಿಯಾಗಿದೆಯೇ ಎಂದು ತಿಳಿಯಲು ನಾವು ಏನು ಮಾಡುತ್ತೇವೆ? ತಿಕ್ಕಿದ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುತ್ತೇವೆ. ಕೆಂಪು ಲೇಪ ಹತ್ತಿದರೆ ತಾಮ್ರದ ಅಂಶ ಹೆಚ್ಚಿದೆ, ಇನ್ನಷ್ಟು ಸುಣ್ಣ ಬೇಕು ಎಂದು ತಿಳಿಯುತ್ತದೆ. ಮರಕ್ಕೆ ಹೊಡೆಯುವ ಮೊದಲು ಮಾಡುವ ಪರೀಕ್ಷೆ ಇದು. ಫಂಕ್ಷನ್ನಿಗೂ ಇಂತಹ ಪರೀಕ್ಷೆ ಬೇಕು. ಉತ್ತರ ಮೊದಲೇ ಗೊತ್ತಿರುವ ಕೆಲವು ಅಂಕೆಗಳನ್ನು ಕೊಟ್ಟು ನೋಡಬೇಕು:

ತೂಕ 1,000, ತೇವಾಂಶ 11, ಮಿತಿ 11: ಉತ್ತರ 1,000 ಬರಬೇಕು.
ತೂಕ 1,000, ತೇವಾಂಶ 10, ಮಿತಿ 11: ಉತ್ತರ 1,000 ಬರಬೇಕು. ಹೆಚ್ಚು ಒಣಗಿಸಿದ್ದಕ್ಕೆ ತೂಕ ಕೂಡಿಸುವ ಪದ್ಧತಿ ಇಲ್ಲಿಲ್ಲ.
ತೂಕ 1,000, ತೇವಾಂಶ 13, ಮಿತಿ 11: ಉತ್ತರ 977.53 ಬರಬೇಕು.
ತೂಕ 0: ಉತ್ತರ 0 ಬರಬೇಕು.
ತೇವಾಂಶ ಖಾಲಿ: ನಿಲ್ಲಬೇಕು.

ಈ ಐದನ್ನೂ ಒಂದು ಕಾಗದದಲ್ಲಿ ಬರೆದಿಟ್ಟು, ಫಂಕ್ಷನ್ನನ್ನು ಯಾರು ಮುಟ್ಟಿದರೂ ಮತ್ತೆ ಐದನ್ನೂ ಕೇಳಿ ನೋಡಬೇಕು. ವೈಟ್‌ಫೀಲ್ಡಿನ ದೊಡ್ಡ ಕಂಪನಿಯಾಗಲಿ, ಪೀಣ್ಯದ ಸಣ್ಣ ಕಾರ್ಖಾನೆಯ ಉಗ್ರಾಣದ ಲೆಕ್ಕವಾಗಲಿ, ಈ ಶಿಸ್ತು ಒಂದೇ.

ಬದಲಾಯಿಸುವ ಹಕ್ಕು ಯಾರದು?

ಸೂತ್ರ ಒಂದೇ ಕಡೆ ಇರುವುದರಲ್ಲಿ ಒಂದು ಅಪಾಯವೂ ಇದೆ. ಅದನ್ನು ಒಬ್ಬ ತಪ್ಪಾಗಿ ತಿದ್ದಿದರೆ ಎಲ್ಲರ ಲೆಕ್ಕವೂ ಒಟ್ಟಿಗೇ ತಪ್ಪುತ್ತದೆ. ಆದ್ದರಿಂದ ಕರೆಯುವ ಹಕ್ಕು ಬೇರೆ, ತಿದ್ದುವ ಹಕ್ಕು ಬೇರೆ ಎಂದು ಡೇಟಾಬೇಸಿನಲ್ಲೇ ಬೇಲಿ ಹಾಕಬಹುದು. ಖರೀದಿ ಕೇಂದ್ರದ ಗುಮಾಸ್ತರಿಗೆ ಕರೆಯುವ ಹಕ್ಕು ಸಾಕು. ಹೊಸಬರು ಕರೆದಾಗ ‘ಅನುಮತಿಯಿಲ್ಲ’ ಎಂದು ಬಂದರೆ ಅದನ್ನು ಯಂತ್ರದ ದೋಷವೆಂದು ತಿಳಿಯಬಾರದು. ಅವರಿಗೆ ಹಕ್ಕು ಕೊಟ್ಟಿಲ್ಲ, ಕೇಳಿ ಪಡೆಯಬೇಕು ಎಂದರ್ಥ. ಪೋಸ್ಟ್‌ಗ್ರೆಸ್‌ನಲ್ಲಿ ಮಾತ್ರ, ಬೇರೆ ಏರ್ಪಾಡು ಮಾಡದಿದ್ದರೆ, ಕರೆಯುವ ಹಕ್ಕು ಎಲ್ಲರಿಗೂ ತಾನಾಗಿಯೇ ಇರುತ್ತದೆ ಎಂಬುದನ್ನು ಜವಾಬ್ದಾರರು ನೆನಪಿಡಬೇಕು.

ಇನ್ನೊಂದು ಮಾತು. ಮುಂದಿನ ಹಂಗಾಮಿಗೆ ಮಂಡಳಿ ಮಿತಿಯನ್ನೋ ಸೂತ್ರವನ್ನೋ ಬದಲಾಯಿಸಿತೆನ್ನಿ. ಹಳೆಯ ಬಿಲ್ಲನ್ನು ಮತ್ತೆ ತೆಗೆದಾಗ ಹೊಸ ಸೂತ್ರದಲ್ಲಿ ಬೇರೆ ಮೊತ್ತ ಬಂದರೆ ಜಗಳಕ್ಕೆ ದಾರಿ. ಆದ್ದರಿಂದ ಬಿಲ್ಲು ಮಾಡಿದ ದಿನ ಫಂಕ್ಷನ್ ಹೇಳಿದ ಉತ್ತರವನ್ನು ಬಿಲ್ಲಿನ ಕೋಷ್ಟಕದಲ್ಲಿ ಬರೆದಿಡಬೇಕು. ಮಿತಿಗಳನ್ನು ಯಾವ ದಿನದಿಂದ ಯಾವ ದಿನದವರೆಗೆ ಎಂದು ಕೋಷ್ಟಕದಲ್ಲಿಟ್ಟು, ಆವಕದ ದಿನಾಂಕ ನೋಡಿ ಆರಿಸುವಂತೆ ಮಾಡಬೇಕು.

ಸದಸ್ಯರು ಏನು ಮಾಡಬಹುದು?

ಕಂಪ್ಯೂಟರು ಕಲಿಯದ ಸದಸ್ಯನೂ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ನಮ್ಮ ಎಲ್ಲ ಕೇಂದ್ರಗಳಲ್ಲೂ ಸೂತ್ರ ಒಂದೇ ಕಡೆಯಿಂದ ಬರುತ್ತಿದೆಯೇ? ಆ ಸೂತ್ರವನ್ನು ಮಂಡಳಿ ಯಾವ ಸಭೆಯಲ್ಲಿ ಒಪ್ಪಿತು? ಅದನ್ನು ತಿದ್ದುವ ಹಕ್ಕು ಯಾರಿಗಿದೆ? ಬಿಲ್ಲಿನಲ್ಲಿ ರಶೀದಿಗಳ ಸಂಖ್ಯೆಯನ್ನೂ ಪ್ರತಿ ರಶೀದಿಯ ತೂಕ, ತೇವಾಂಶ, ನಿವ್ವಳವನ್ನೂ ಅಚ್ಚು ಮಾಡುತ್ತೀರಾ? ಮಹಾಸಭೆಯಲ್ಲಿ ಈ ನಾಲ್ಕನ್ನು ಕೇಳಿದರೆ ಯಾರೂ ತಪ್ಪು ತಿಳಿಯಬೇಕಾಗಿಲ್ಲ.

ಅಣ್ಣ ತಮ್ಮಂದಿರ ವಿಷಯ ಏನಾಯಿತೆಂದು ಓದುಗರು ಕೇಳಬಹುದು. ಒಪ್ಪಿದ ಸೂತ್ರವನ್ನು ಮುಂದಿನ ಆವಕಕ್ಕೆ ಅನ್ವಯಿಸಿ, ಆ ಸಲದ ಮಟ್ಟಿಗೆ ಕಡಿಮೆ ಬಂದವರಿಗೆ ವ್ಯತ್ಯಾಸವನ್ನು ಸಂಘವೇ ತುಂಬಿಕೊಟ್ಟಿತು. ಈಗ ಇಬ್ಬರೂ ಯಾವ ಕೇಂದ್ರಕ್ಕೆ ಹಾಕಿದರೂ ಲೆಕ್ಕ ಒಂದೇ. ಕಣವೂ ಒಂದೇ ಉಳಿದಿದೆ ಎಂದು ತಿಳಿಸಲು ಸಂತೋಷವಾಗುತ್ತದೆ.

ಕೊನೆಯದಾಗಿ, ರಶೀದಿಗಳನ್ನು ಜೋಪಾನವಾಗಿಡಿ. ಮಕ್ಕಳು ಹಬ್ಬಕ್ಕೆ ಬೆಂಗಳೂರಿನಿಂದ ಬಂದಾಗ ಈ ಲೇಖನವನ್ನು ಅವರಿಗೆ ತೋರಿಸಿ. ಸದಸ್ಯರು ತಮ್ಮ ಬಿಲ್ಲಿನ ಬಗ್ಗೆ ಸಂದೇಹಗಳಿದ್ದರೆ ಬರೆದು ತಿಳಿಸಿದಲ್ಲಿ ಮುಂದಿನ ಸಂಚಿಕೆಗಳಲ್ಲಿ ಉತ್ತರಿಸಲು ಪ್ರಯತ್ನಿಸುತ್ತೇವೆ.